ಎಂಜಿನಿಯರಿಂಗ್‌ನಿಂದ ಬಿ.ಇಡಿ.ಗೆ: ಗೊತ್ತಿರುವ ಗಣಿತವನ್ನೇ ಮತ್ತೆ ಕಲಿಯುವುದು

ಬೇರೆ ಉದ್ಯೋಗ ಬಿಟ್ಟು ಪ್ರೌಢಶಾಲೆಯ ಗಣಿತ ಶಿಕ್ಷಕರಾಗಲು ಬಿ.ಇಡಿ.ಗೆ ಸೇರುವವರಲ್ಲಿ ಎಂಜಿನಿಯರುಗಳೂ ಇದ್ದಾರೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಇದಕ್ಕೆ ಅವಕಾಶ ಕೊಟ್ಟಿದೆ. ಬಿ.ಎಸ್ಸಿ. ಪದವಿಗೆ ಶೇ. 50 ಅಂಕ ಸಾಕು. ವಿಜ್ಞಾನ ಮತ್ತು ಗಣಿತದ ವಿಶೇಷತೆಯುಳ್ಳ ಎಂಜಿನಿಯರಿಂಗ್ ಪದವಿಗೆ ಶೇ. 55 ಬೇಕು. ಆದರೆ ಬಿ.ಇಡಿ. ಪ್ರವೇಶದ ಅರ್ಹತೆ ಬೇರೆ, ಹುದ್ದೆಯ ಅರ್ಹತೆ ಬೇರೆ. ಪದವಿಯಲ್ಲಿ ಯಾವ ವಿಷಯ ಓದಿರಬೇಕೆಂಬುದನ್ನು ನೇಮಕಾತಿ ಅಧಿಸೂಚನೆ ನಿರ್ಧರಿಸುತ್ತದೆ. ಸಂಬಳ ಬಿಟ್ಟು ಎರಡು ವರ್ಷ ಓದಲು ಬರುವವರು ಅದನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ಇಂಥವರಿಗೆ ಗಣಿತ ಗೊತ್ತು, ಬೋಧನಾ ವಿಧಾನವಷ್ಟೇ ಕಲಿತರೆ ಆಯಿತು ಎಂಬ ಮಾತು ನಮ್ಮಲ್ಲಿ ಕೇಳಿಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಬೋಧನಾಭ್ಯಾಸದ ತಂಡದಲ್ಲಿ ಏಳು ವರ್ಷ ಕಟ್ಟಡ ನಿರ್ಮಾಣದಲ್ಲಿ ದುಡಿದ ಸಿವಿಲ್ ಎಂಜಿನಿಯರ್ ಒಬ್ಬರಿದ್ದಾರೆ. 9ನೇ ತರಗತಿಗೆ ಅವರು ಮಾಡಿದ ಬಹುಪದೋಕ್ತಿಗಳ ಪಾಠವನ್ನು ನಾನು ಅವಲೋಕಿಸಿದೆ. ಒಬ್ಬ ಹುಡುಗ (x + 3)² = x² + 9 ಎಂದು ಬರೆದಿದ್ದ. "ನಡುವಿನ ಪದ ಬಿಟ್ಟಿದ್ದೀಯ" ಎಂದು ಅವರು ತಿದ್ದಿ ಮುಂದೆ ಹೋದರು. ತಿದ್ದಿದ್ದು ಸರಿಯೇ. ಮುಂದಿನ ಲೆಕ್ಕದಲ್ಲಿ ಹುಡುಗ ಮತ್ತೆ ಹಾಗೆಯೇ ಬರೆದ.

ಹುಡುಗನ ಉತ್ತರದಲ್ಲಿ ಒಂದು ತರ್ಕವಿದೆ. (3x)² = 9x² ಆಗುವಾಗ ವರ್ಗ ಎರಡಕ್ಕೂ ಹಂಚಿಹೋಗುತ್ತದೆ; ಗುಣಾಕಾರದಲ್ಲಿ ನಡೆದದ್ದು ಸಂಕಲನದಲ್ಲೂ ನಡೆಯುತ್ತದೆಂದು ಅವನು ಭಾವಿಸಿದ್ದಾನೆ. ಶಾಲೆಯ ಗಣಿತ ಶಿಕ್ಷಕಿ ಮರುದಿನ ಅವನಿಂದಲೇ x = 1 ಹಾಕಿಸಿದರು. ಒಂದು ಕಡೆ 16, ಇನ್ನೊಂದು ಕಡೆ 10. ಉಳಿದ 6 ಎಲ್ಲಿ ಹೋಯಿತು? x + 3 ಬಾಹುವಿನ ಚೌಕ ಬರೆಸಿ, x² ಮತ್ತು 9ರ ಭಾಗಗಳಿಗೆ ಗೆರೆ ಎಳೆಸಿದಾಗ, ಪಕ್ಕದಲ್ಲಿ 3x ವಿಸ್ತೀರ್ಣದ ಎರಡು ಆಯತಗಳು ಖಾಲಿ ಉಳಿದಿದ್ದವು. x = 1 ಆದಾಗ ಅವೆರಡೂ ಸೇರಿ 6.

ಲೀ ಶುಲ್ಮನ್ 1986ರಲ್ಲಿ ವಿಷಯ ಬೋಧನಾ ಜ್ಞಾನ ಎಂದು ಪ್ರತ್ಯೇಕವಾಗಿ ಗುರುತಿಸಿದ್ದು ಇದನ್ನೇ. ಒಂದು ವಿಷಯದಲ್ಲಿ ಮಕ್ಕಳು ಎಲ್ಲಿ, ಏಕೆ ಎಡವುತ್ತಾರೆ, ಅದನ್ನು ಯಾವ ಚಿತ್ರ ಅಥವಾ ಉದಾಹರಣೆಯಿಂದ ಬಿಡಿಸಬಹುದು ಎಂಬ ತಿಳಿವಳಿಕೆ ಅದು. ಎಂಜಿನಿಯರುಗಳಿಗೆ ಈ ಸೂತ್ರಗಳು ಕೈಗೆ ಎಷ್ಟು ಒಗ್ಗಿಹೋಗಿರುತ್ತವೆಂದರೆ ನಡುವಿನ ಮೆಟ್ಟಿಲು ಕಾಣುವುದೇ ಇಲ್ಲ. (ಬಿ.ಎಸ್ಸಿ. ಮುಗಿಸಿ ನೇರ ಬಂದ ನಮಗೆ ಕಾಣುತ್ತದೆಂದೇನೂ ಅಲ್ಲ.)

ಅವರ ಅನುಭವವನ್ನು ನಾವು ಕಳೆದುಕೊಳ್ಳಲೂಬಾರದು. 10ನೇ ತರಗತಿಯಲ್ಲಿ ಪೈಥಾಗೊರಸ್ ಪ್ರಮೇಯದ ವಿಲೋಮ ಮಾಡುವಾಗ ಅದೇ ಎಂಜಿನಿಯರ್ ಟೇಪು ಹಿಡಿದು ಕೊಠಡಿಯ ಮೂಲೆಯಿಂದ ಒಂದು ಗೋಡೆಗುಂಟ 3 ಅಡಿ, ಇನ್ನೊಂದಕ್ಕೆ 4 ಅಡಿ ಗುರುತಿಸಿ, ನಡುವೆ 5 ಅಡಿ ಬರುತ್ತದೆಯೇ ಎಂದು ಮಕ್ಕಳಿಂದಲೇ ಅಳೆಸಿದರು. ಬಂದರೆ ಮೂಲೆ ಮಟ್ಟ. ಮೇಸ್ತ್ರಿಗಳು ಬಳಸುವುದು ಪ್ರಮೇಯವನ್ನಲ್ಲ, ಅದರ ವಿಲೋಮವನ್ನು ಎಂದು ನನಗೆ ಹೊಳೆದದ್ದೂ ಅಂದೇ.

ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ 20 ವಾರ. ಇದರಲ್ಲಿ ಮೊದಲ ಕೆಲವು ದಿನ ಇಂಥ ಪ್ರಶಿಕ್ಷಣಾರ್ಥಿಗಳಿಗೆ ಪಾಠಯೋಜನೆಗಿಂತ ಮೊದಲು ಮಕ್ಕಳ ನೋಟ್‌ಪುಸ್ತಕಗಳನ್ನೇ ಕೊಡಬೇಕೆಂಬುದು ನನ್ನ ಸಲಹೆ. ನಮ್ಮ ಅವಲೋಕನ ಪತ್ರಿಕೆಯಲ್ಲಿ ಪೀಠಿಕೆಗೆ, ಪ್ರಶ್ನೆಗೆ, ಕಪ್ಪುಹಲಗೆಗೆ ಕಾಲಂ ಇವೆ. ಮಗುವಿನ ತಪ್ಪು ಉತ್ತರವನ್ನು ಶಿಕ್ಷಕರು ಹೇಗೆ ಬಳಸಿಕೊಂಡರು ಎಂಬುದಕ್ಕೆ ಇಲ್ಲ. ಸದ್ಯಕ್ಕೆ ನಾನು ಅದನ್ನು ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.