ಒಬ್ಬರಿಗೆ ನಾಟುವ ಕೀಮೋ ಇನ್ನೊಬ್ಬರಿಗೇಕೆ ನಾಟುವುದಿಲ್ಲ?

‘ಪಕ್ಕದ ಮನೆಯವರಿಗೂ ಇದೇ ಕೀಮೋ ಕೊಟ್ಟರು, ಅವರು ಚೇತರಿಸಿಕೊಂಡರು. ಅಮ್ಮಿಗೇಕೆ ನಾಟುತ್ತಿಲ್ಲ ಡಾಕ್ಟರೇ? ಇದನ್ನು ಬಿಟ್ಟು ನಿಮ್ಮ ಯುನಾನಿ ಔಷಧಿ ಶುರು ಮಾಡೋಣವೇ?’ ಅಂಡಾಶಯದ ಕ್ಯಾನ್ಸರ್ ಇರುವವರ ಮನೆಯಲ್ಲಿ ಈ ಪ್ರಶ್ನೆ ಏಳುವುದು ಸಹಜ. ನನ್ನ ಉತ್ತರ ಒಂದೇ: ಕೀಮೋ ಬಿಡಬೇಡಿ.

ಯುನಾನಿಯಲ್ಲಿ ಒಬ್ಬೊಬ್ಬರ ಮಿಜಾಜ್ ನೋಡಿ ಔಷಧಿ ಕೊಡುತ್ತೇವೆ. ಕ್ಯಾನ್ಸರ್ ಗಡ್ಡೆಗೂ ತನ್ನದೇ ಸ್ವಭಾವವಿದೆ. ಅದರಲ್ಲಿ ಜೀನ್‌ಗಳ ಪಾತ್ರ ದೊಡ್ಡದು. ಮನೆಯಲ್ಲಿ ಹತ್ತು ದೀಪಗಳಿದ್ದರೂ ಬೇಕಾದ್ದನ್ನಷ್ಟೇ ಹಚ್ಚುತ್ತೇವಲ್ಲ? ಹಾಗೆಯೇ ಜೀವಕೋಶದಲ್ಲಿ ಎಲ್ಲ ಜೀನ್‌ಗಳೂ ಒಟ್ಟಿಗೆ ಕೆಲಸ ಮಾಡುವುದಿಲ್ಲ. ಜೀನ್ ‘ಆನ್’ ಆಗಿ ಕೆಲಸ ಮಾಡುವುದನ್ನೇ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ.

ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದು ಕಾರ್ಬೋಪ್ಲಾಟಿನ್ ಮತ್ತು ಪ್ಯಾಕ್ಲಿಟ್ಯಾಕ್ಸೆಲ್. ಕಾರ್ಬೋಪ್ಲಾಟಿನ್‌ನಲ್ಲಿರುವ ಪ್ಲಾಟಿನಂ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಅದನ್ನು ಸರಿಪಡಿಸಿಕೊಳ್ಳಲಾಗದ ಕೋಶ ಸಾಯುತ್ತದೆ. ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳು ಈ ರಿಪೇರಿಗೆ ನೆರವಾಗುತ್ತವೆ. ಇವುಗಳಲ್ಲಿ ದೋಷವಿದ್ದರೆ ಕ್ಯಾನ್ಸರ್ ಬರುವ ಅಪಾಯ ಹೆಚ್ಚು. ಆದರೆ ಅಂಥ ಗಡ್ಡೆಗೆ ಕೀಮೋ ಹೆಚ್ಚಾಗಿ ಚೆನ್ನಾಗಿ ನಾಟುತ್ತದೆ. ಕೆಲವು ಗಡ್ಡೆಗಳಲ್ಲಿ ಬಿಆರ್‌ಸಿಎ1 ದೋಷವಿಲ್ಲದಿದ್ದರೂ ‘ಆಫ್’ ಆಗಿರುತ್ತದೆ. ಅದು ಮತ್ತೆ ‘ಆನ್’ ಆದರೆ, ಮೊದಲು ನಾಟಿದ ಔಷಧಿಯೇ ಮುಂದೆ ನಾಟದಿರಬಹುದು.

ಹಾಗಾಗಿ ಕೀಮೋ ನಾಟದಿದ್ದರೆ ರೋಗಿಯ ಊಟವನ್ನಾಗಲಿ, ಧೈರ್ಯವನ್ನಾಗಲಿ ದೂರಬೇಡಿ. ಪ್ಲಾಟಿನಂ ಕೀಮೋ ಮುಗಿದ ಆರು ತಿಂಗಳೊಳಗೆ ಕಾಯಿಲೆ ಮರುಕಳಿಸಿದರೆ ವೈದ್ಯರು ಸಾಮಾನ್ಯವಾಗಿ ಬೇರೆ ಔಷಧಿಯತ್ತ ಹೋಗುತ್ತಾರೆ. ಬಿಆರ್‌ಸಿಎ ದೋಷವಿರುವ ಹಲವರಿಗೆ ಒಲಾಪರಿಬ್ ಮಾತ್ರೆ ನೆರವಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ 2014ರಲ್ಲಿ ಅನುಮತಿ ಸಿಕ್ಕಿತು.

ಆದ್ದರಿಂದ ಬಿಆರ್‌ಸಿಎ ಪರೀಕ್ಷೆಯ ಬಗ್ಗೆ ಕ್ಯಾನ್ಸರ್ ವೈದ್ಯರನ್ನು ಕೇಳಿ. ಈ ದೋಷ ತಾಯಿಯಿಂದ ಮಾತ್ರವಲ್ಲ, ತಂದೆಯಿಂದಲೂ ಬರಬಹುದು. ಅಜ್ಜಿ, ಫುಪ್ಪು, ಖಾಲಾ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತೇ ಎಂಬುದನ್ನು ಮುಚ್ಚಿಡದೆ ಹೇಳಿ. ಮನೆಯ ಹೆಣ್ಣುಮಕ್ಕಳನ್ನು ಕಾಪಾಡುವ ಮಾಹಿತಿ ಅದು. ಕೀಮೋ ನಡೆಯುವಾಗ ಜೋಶಾಂದಾ, ಮಾಜೂನ್ ಏನೇ ಇರಲಿ, ನಾನೇ ಕೊಟ್ಟಿದ್ದರೂ ಸರಿ, ಕ್ಯಾನ್ಸರ್ ವೈದ್ಯರಿಗೆ ತಿಳಿಸದೆ ಸೇವಿಸಬೇಡಿ.

ಇನ್ನೊಂದು ಮಾತು. ವಾರಗಟ್ಟಲೆ ಹೊಟ್ಟೆ ಉಬ್ಬರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದ್ದರೆ ‘ಗ್ಯಾಸ್’ ಎಂದು ಸುಮ್ಮನಾಗಬೇಡಿ. ನಾಚಿಕೆಯಾದರೆ ಮಹಿಳಾ ವೈದ್ಯರ ಬಳಿ ಹೋಗಿ. ಆದರೆ ಹೋಗುವುದನ್ನು ಮುಂದೂಡಬೇಡಿ.