ಅಂಗೈಯ ಮೇಲಣ ಚಲಚ್ಚಿತ್ರ

ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಶನಿನ ಹೆರ್ಮನ್ ಮೋಗ್ಲಿಂಗ್‌ರವರು 1843ನೆಯ ಇಸವಿಯಲ್ಲಿ ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ಒತ್ತಬೇಕಾಗಿತ್ತು. ಕಲ್ಲು, ಮಸಿ, ಕಾಗದ, ಒತ್ತುವ ಆಳು, ಒಯ್ಯುವ ಆಳು ಇವೆಲ್ಲ ಕೂಡಿಬಂದ ಹೊರತು ಒಂದು ಸುದ್ದಿಯಾದರೂ ಓದುವವನ ಮನೆಗೆ ತಲಪುತ್ತಿರಲಿಲ್ಲ. ಈಗಲಾದರೋ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅಡಿಗೆಮನೆಯ ಕಿಟಕಿಯ ಬಳಿ ನಿಂತು, ತಾನು ಕಂಡದ್ದನ್ನು ಚಲಚ್ಚಿತ್ರವಾಗಿ ತೆಗೆದು ಲೋಕಕ್ಕೆಲ್ಲಾ ತೋರಿಸಬಲ್ಲಳು. ಈ ಬದಲಾವಣೆಯು ಹೇಗೆ ಉಂಟಾಯಿತೆಂಬದನ್ನು ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಪೋಷಕರೂ ಅರಿತಿರುವದು ಅವಶ್ಯವೆಂದು ನನಗೆ ತೋರುತ್ತದೆ.

ಯೂಟ್ಯೂಬ್ ಎಂಬ ತಾಣದಲ್ಲಿ ಮೊತ್ತಮೊದಲನೆಯ ಚಿತ್ರವು 2005ನೆಯ ಇಸವಿ ಏಪ್ರಿಲ್ 23ರಂದು ಕಾಣಿಸಿತು. ಅದರ ಸ್ಥಾಪಕರಲ್ಲೊಬ್ಬನಾದ ಜಾವೇದ್ ಕರೀಮ್ ಎಂಬ ತರುಣನು ಅಮೇರಿಕೆಯ ಸಾನ್ ಡಿಯೆಗೊ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು, ಅವುಗಳ ಸೊಂಡಿಲು ಬಹಳ ಉದ್ದವೆಂದು ಹೇಳುವನು. 19 ಸೆಕೆಂಡುಗಳಲ್ಲಿ ಎಲ್ಲವೂ ಮುಗಿಯಿತು! ಇದಕ್ಕೆ ಸಂಪಾದಕನ ಅಪ್ಪಣೆಯೂ ಬೇಕಾಗಲಿಲ್ಲ, ಅಚ್ಚುಕೂಟವೂ ಬೇಕಾಗಲಿಲ್ಲ. 2007ರಲ್ಲಿ ಐಫೋನು ಹೊರಬಂತು. ನಮ್ಮ ದೇಶದಲ್ಲಿ 2016ರ ಸಪ್ಟೆಂಬರದಲ್ಲಿ ಜಿಯೋ ಸೇವೆಯು ಆರಂಭವಾಗಿ ಡೇಟಾದ ಕ್ರಯವು ಇಳಿದುಹೋದ ತರುವಾಯ, ಹಳ್ಳಿಯ ಮನೆಗಳಲ್ಲಿಯೂ ಚಲಚ್ಚಿತ್ರವು ನಿತ್ಯದ ವಸ್ತುವಾಯಿತು.

ಇಷ್ಟು ದೊಡ್ಡ ಚಿತ್ರವು ತಂತಿಯಿಲ್ಲದೆ ಕೈಗೆ ಬರುವದು ಹೇಗೆ? ಕರಿಹಲಗೆಯ ಮುಂದೆ ಪಾಠಹೇಳುವ ಉಪಾಧ್ಯಾಯಿನಿಯನ್ನು ನೆನಸಿಕೊಳ್ಳಿರಿ. ಗೋಡೆಯೂ ಹಲಗೆಯೂ ಕದಲುವದಿಲ್ಲ. ಅವಳ ಕೈಯೂ ಸೀಮೆಸುಣ್ಣವೂ ಮುಖವೂ ಮಾತ್ರ ಕದಲುವವು. ಆದದರಿಂದ ಸೆಕೆಂಡಿಗೆ ಇಪ್ಪತ್ತನಾಲ್ಕೋ ಮೂವತ್ತೋ ಪೂರ್ಣ ಚಿತ್ರಗಳನ್ನು ಕಳುಹಿಸದೆ, ಆಗಾಗ್ಗೆ ಒಂದು ಪೂರ್ಣ ಚಿತ್ರವನ್ನೂ ಮಿಕ್ಕಂತೆ ಬದಲಾದ ಅಂಶಗಳನ್ನು ಮಾತ್ರವೂ ಕಳುಹಿಸುವರು. ಇದಲ್ಲದೆ ಇಡೀ ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕಡಿದು, ಒಂದೊಂದು ತುಂಡನ್ನೂ ಸ್ಪಷ್ಟವಾದದ್ದು, ಮಧ್ಯಮವಾದದ್ದು, ಮಸುಕಾದದ್ದು ಎಂದು ಹಲವು ಬಗೆಗಳಲ್ಲಿ ಸಿದ್ಧಪಡಿಸಿಡುವರು. ಫೋನು ತನಗೆ ಸಿಕ್ಕುವ ವೇಗವನ್ನು ಅಳೆದುಕೊಂಡು ತಕ್ಕ ತುಂಡನ್ನೇ ಬೇಡುವದು. ಮಳೆಗಾಲದ ಸಂಜೆಯಲ್ಲಿ ಚಿತ್ರವು ನಿಲ್ಲದೆ ಬರೇ ಮಬ್ಬಾಗುವದರ ಕಾರಣವು ಇದೇ.

ಆದರೆ ತಂದೆತಾಯಿಗಳು ಮುಖ್ಯವಾಗಿ ತಿಳಿಯಬೇಕಾದದ್ದು ಬೇರೊಂದುಂಟು. ವೃತ್ತಪತ್ರಿಕೆಯ ಮೊದಲ ಪುಟವು ಊರಿಗೆಲ್ಲಾ ಒಂದೇ. ಫೋನಿನ ಪುಟವಾದರೋ ಒಬ್ಬೊಬ್ಬರಿಗೆ ಒಂದೊಂದು. ಮುಂದೆ ಯಾವದನ್ನು ತೋರಿಸಬೇಕೆಂಬದನ್ನು ಯಂತ್ರದ ಗಣಿತವು ತೀರ್ಮಾನಿಸುವದು: ಹಿಂದೆ ಏನನ್ನು ನೋಡಿದಳು, ಎಲ್ಲಿ ಬೇಸತ್ತು ಬಿಟ್ಟಳು, ಎಷ್ಟು ಹೊತ್ತು ಕೂತಳು ಎಂಬದೆಲ್ಲವೂ ಅದರ ಲೆಕ್ಕದಲ್ಲಿ ಸೇರುವದು. 2012ರಿಂದ ಯೂಟ್ಯೂಬಿನವರು ಎಷ್ಟು ಸಾರಿ ಒತ್ತಿದರೆಂಬದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬದಕ್ಕೆ ಹೆಚ್ಚು ಬೆಲೆ ಕೊಡತೊಡಗಿದರು. ಆದಾಯವು ಜಾಹೀರಾತುಗಳಿಂದ, ಹುಡುಗಿಯು ಕೂತಷ್ಟೂ ಲಾಭ. ಮಗಳು ಏಳದೆ ಕೂತಿರುವದಕ್ಕೆ ಅವಳ ಸೋಮಾರಿತನವನ್ನೇ ದೂರುವವರು ಇದನ್ನೂ ಸ್ವಲ್ಪ ಆಲೋಚಿಸಲಿ.

ಹಾಗಾದರೆ ಕಿತ್ತುಕೊಳ್ಳೋಣವೇ? 2020ರಲ್ಲಿ ಕೋವಿಡ್ ಜಾಡ್ಯದ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ ನಾವು ಕಂಡದ್ದನ್ನು ಹೇಳುವೆನು. ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಅದೂ ತಂದೆಯ ಸಂಗಡ ಕೆಲಸಕ್ಕೆ ಹೋಗುವದು. ಪಾಠವು ಬೆಳಿಗ್ಗೆ, ಫೋನು ಬರುವದು ರಾತ್ರಿ. ಬಂದ ಮೇಲೆಯೂ ಮೊದಲು ಅಣ್ಣನಿಗೆ, ಆಮೇಲೆ ಪಾತ್ರೆ ತೊಳೆದು ಬಂದ ತಂಗಿಗೆ. ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದದ್ದು ಕೆಲವರಿಗೆ ದೊಡ್ಡ ಉಪಕಾರವಾಯಿತು. ಆದರೂ ಫೋನಿನಲ್ಲಿ ಉಳಿದ ಪಾಠಕ್ಕೆ ಒಂದು ಗುಣವುಂಟು: ತಿಳಿಯದಿದ್ದರೆ ನಿಲ್ಲಿಸಿ ಮೂರು ಸಾರಿ ಕೇಳಬಹುದು, ತರಗತಿಯಲ್ಲಿ ಕೈಯೆತ್ತಲು ನಾಚುವ ಹುಡುಗಿಗೆ ಇದು ಸಾಮಾನ್ಯವಾದ ಸಹಾಯವಲ್ಲ. ಕೆಟ್ಟುಹೋದಾಳೆಂಬ ಭಯದಿಂದ ಮಗಳಿಗೆ ಮಾತ್ರ ನಿಷೇಧಿಸಿ ಮಗನಿಗೆ ಹೊಸದನ್ನು ಕೊಂಡುಕೊಡುವವರಿಗೆ ನಾನು ಒಪ್ಪಲಾರೆ.

ತನ್ನ ಚಿತ್ರವನ್ನು ತಾನೇ ಪ್ರಕಟಿಸುವ ವಿಷಯದಲ್ಲಿ ಮಾತ್ರ ಹುಡುಗಿಯರಿಗೆ ಸ್ಪಷ್ಟವಾಗಿ ಹೇಳತಕ್ಕದ್ದು. ಅಳಿಸಿದರೂ ಅದಕ್ಕೆ ಮೊದಲೇ ಯಾರಾದರೂ ಪ್ರತಿ ಮಾಡಿಕೊಂಡಿದ್ದರೆ ಅದು ಹಿಂದಿರುಗದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು 18 ವರುಷ ತುಂಬದವರ ವಿವರಗಳನ್ನು ಬಳಸುವದಕ್ಕೆ ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿರುವದು. ಆ ಒಪ್ಪಿಗೆಯನ್ನು ಓದದೆ ಒತ್ತಬಾರದು.

ಒಂದು ಚಿತ್ರ ಮುಗಿದೊಡನೆ ಮತ್ತೊಂದು ತಾನಾಗಿ ತೊಡಗುವದನ್ನು ನಿಲ್ಲಿಸಬಹುದು. ಹಿಂದೆ ನೋಡಿದವುಗಳ ಪಟ್ಟಿಯನ್ನೂ ಅಳಿಸಬಹುದು. ಇವೆರಡೂ ಫೋನಿನಲ್ಲಿಯೇ ಇರುವ ಅನುಕೂಲಗಳು. ಎಲ್ಲಿ ಒತ್ತಬೇಕೆಂಬದು ತಿಳಿಯದಿದ್ದರೆ ಮಗಳನ್ನು ಹತ್ತಿರ ಕೂರಿಸಿಕೊಂಡು ಕೇಳಿರಿ, ಅವಳಿಗೆ ಗೊತ್ತುಂಟು.