ಸುದ್ದಿ ಹೋಯಿತು, ಮುಟ್ಟಿತೇ?

ಮಳೆಗಾಲ ಹಿಡಿಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳಲ್ಲಿ ‘ಸರ್ವರ್ ಇಲ್ಲ’ ಎಂಬ ಮಾತು ದಿನನಿತ್ಯದ್ದು. ಮರ ಬಿದ್ದು ಕರೆಂಟು ಹೋಗುತ್ತದೆ. ಟವರಿನ ಬ್ಯಾಟರಿ ಖಾಲಿಯಾದೊಡನೆ ಸಿಗ್ನಲ್ಲೂ ಹೋಗುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದವರು ಕಾಯುತ್ತಾರೆ. ಗೊಬ್ಬರದ ಅಂಗಡಿಗೆ ಮೊಬೈಲಿನಲ್ಲಿ ಹಣ ಕಳಿಸಿದವರ ಮುಂದೆ ಚಕ್ರ ಸುತ್ತುತ್ತಲೇ ಇರುತ್ತದೆ. ಹಣ ಹೋಯಿತೋ, ಇಲ್ಲವೋ? ಇನ್ನೊಮ್ಮೆ ಕಳಿಸಬೇಕೋ, ಸುಮ್ಮನಿರಬೇಕೋ?

ಪ್ರಶ್ನೆ ಸಣ್ಣದಾಗಿ ಕಾಣುತ್ತದೆ. ಆದರೆ ದೂರದೂರದ ಯಂತ್ರಗಳು ಮಾತಾಡಿಕೊಳ್ಳುವ ವಿದ್ಯೆಯ ಅತ್ಯಂತ ಹಳೆಯ ತೊಡಕು ಇದೇ.

ಈ ತೊಡಕನ್ನು ಅರಿಯಲು ಶರಾವತಿ ಹಿನ್ನೀರಿನ ದಡಕ್ಕಿಂತ ಒಳ್ಳೆಯ ಜಾಗವಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ನೀರಿನಾಚೆ ಉಳಿದ ಊರುಗಳಿಗೆ ದಶಕಗಳ ಕಾಲ ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದಕ್ಕೆ ಮೊದಲಿನ ದಿನಗಳಲ್ಲಿ ಈ ದಡದ ತೋಟದ ಯಜಮಾನರೊಬ್ಬರು ಆ ದಡದ ಕೊನೆಗೌಡನಿಗೆ ‘ನಾಳೆ ಕೊಯ್ಲಿಗೆ ಬಾ’ ಎಂದು ಲಾಂಚಿನಲ್ಲಿ ಚೀಟಿ ಕಳಿಸಿದರೆಂದು ಭಾವಿಸೋಣ. ಸಂಜೆಯಾದರೂ ಉತ್ತರವಿಲ್ಲ. ಚೀಟಿ ದಾರಿಯಲ್ಲೇ ಕಳೆದಿರಬಹುದು. ಮುಟ್ಟಿದ್ದರೂ ಆತ ನೋಡದೆ ಇರಬಹುದು. ನೋಡಿ ‘ಬರುತ್ತೇನೆ’ ಎಂದು ಬರೆದ ಚೀಟಿಯೇ ಹಿಂದಿರುಗುವಾಗ ಕಳೆದಿರಬಹುದು. ಕಳಿಸಿದವರ ಕಣ್ಣಿಗೆ ಮೂರೂ ಒಂದೇ: ಮೌನ. ಉತ್ತರಕ್ಕೆ ಇನ್ನೊಂದು ಉತ್ತರ ಬೇಕೆಂದರೆ, ಅದೂ ಅದೇ ಲಾಂಚಿನಲ್ಲೇ ಹೋಗಬೇಕು. ಕೊಂಡಿ ನೆಚ್ಚಿಕೆಯದಲ್ಲವಾದರೆ ಎಷ್ಟು ಚೀಟಿ ಬರೆದರೂ ಇಬ್ಬರಿಗೂ ಪೂರ್ಣ ಖಾತರಿ ಸಿಗದು. ಗಣಕ ವಿಜ್ಞಾನದಲ್ಲಿ ಇದಕ್ಕೆ ‘ಇಬ್ಬರು ಸೇನಾಪತಿಗಳ ಸಮಸ್ಯೆ’ ಎಂದು ಹೆಸರು. 1975ರಲ್ಲಿ ಚರ್ಚೆಗೆ ಬಂದ ಈ ಸಮಸ್ಯೆಗೆ ಆ ಹೆಸರು ಅಂಟಿದ್ದು 1978ರಲ್ಲಿ, ಅಮೆರಿಕದ ಗಣಕ ತಜ್ಞ ಜಿಮ್ ಗ್ರೇ ಅವರ ಬರಹದಿಂದ.

ಪೂರ್ಣ ಖಾತರಿ ಸಿಗದೆಂದು ಲೋಕವ್ಯವಹಾರ ನಿಲ್ಲಲಿಲ್ಲ. ತಂತಿ ಕಚೇರಿಯವರು ಒಂದು ಉಪಾಯ ಕಂಡುಕೊಂಡಿದ್ದರು. ತಂತಿಯ ತಲೆಬರಹದಲ್ಲೇ ಅದರ ಸಂಖ್ಯೆ ಮತ್ತು ಒಟ್ಟು ಎಷ್ಟು ಪದ ಎಂಬ ಲೆಕ್ಕ ಇರುತ್ತಿತ್ತು. ಬರೆದುಕೊಂಡವರು ಪದ ಎಣಿಸುತ್ತಿದ್ದರು. ಹನ್ನೆರಡು ಇರಬೇಕಾದಲ್ಲಿ ಹನ್ನೊಂದಿದ್ದರೆ ಮತ್ತೆ ಕೇಳುತ್ತಿದ್ದರು. ಭಾರತದಲ್ಲಿ ತಂತಿ ಸೇವೆ 2013ರ ಜುಲೈಯಲ್ಲಿ ನಿಂತಿತು. ಆ ಲೆಕ್ಕ ಮಾತ್ರ ನಿಲ್ಲಲಿಲ್ಲ.

ಅಂತರಜಾಲದ ಬೆನ್ನೆಲುಬಾದ ‘ಟಿಸಿಪಿ’ ಎಂಬ ಕಟ್ಟಳೆ 1981ರಲ್ಲಿ ಪ್ರಕಟವಾಯಿತು. ಅದೂ ಮಾಡುವುದು ಇದನ್ನೇ. ಸುದ್ದಿಯನ್ನು ತುಂಡು ಮಾಡಿ, ಕ್ರಮಸಂಖ್ಯೆ ಕೊಟ್ಟು ಕಳಿಸುತ್ತದೆ. ‘ಇಷ್ಟರವರೆಗೆ ಮುಟ್ಟಿದೆ’ ಎಂಬ ಸ್ವೀಕೃತಿ ಬಾರದಿದ್ದರೆ ಅದೇ ಸಂಖ್ಯೆಯಲ್ಲಿ ಮತ್ತೆ ಕಳಿಸುತ್ತದೆ. ಎರಡು ಬಾರಿ ಮುಟ್ಟಿದ ತುಂಡನ್ನು ಸಂಖ್ಯೆ ನೋಡಿ ಗುರುತಿಸಿ ಬಿಡುತ್ತದೆ.

ಸ್ವೀಕರಿಸುವ ಕಡೆಯ ತಂತ್ರಾಂಶಕ್ಕೆ ಬೇರೆಯೇ ಕಷ್ಟ. ‘ಓದು’ ಎಂದು ಅದು ಗಣಕಕ್ಕೆ ಹೇಳಿದಾಗ ನಾಲ್ಕು ಬಗೆಯ ಉತ್ತರ ಬರಬಹುದು. ‘ಇಷ್ಟು ಅಕ್ಷರ ಬಂದಿವೆ’ ಎಂದರೆ ಸುದ್ದಿ ಪೂರ್ತಿ ಬಂದಿದೆ ಎಂದಲ್ಲ. ತಂತಿಯವರಂತೆ ಎಣಿಸಿ, ಉಳಿದದ್ದಕ್ಕೆ ಕಾಯಬೇಕು. ‘ಸೊನ್ನೆ’ ಎಂದರೆ ಆ ಕಡೆಯವರು ಮಾತು ಮುಗಿಸಿ ಫೋನ್ ಇಟ್ಟಂತೆ; ಅದು ತಪ್ಪಲ್ಲ, ಮುಕ್ತಾಯ. ‘ಈಗ ಏನೂ ಬಂದಿಲ್ಲ, ಆಮೇಲೆ ಕೇಳು’ ಎಂಬುದು ಮೂರನೆಯದು. ‘ಸಂಪರ್ಕ ಮುರಿದಿದೆ’ ಎಂಬುದು ನಾಲ್ಕನೆಯದು. ನಿಜವಾದ ದೋಷ ಈ ಕೊನೆಯದು ಮಾತ್ರ. ಅವಸರದಲ್ಲಿ ಬರೆದ ತಂತ್ರಾಂಶ ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಅರ್ಧ ಬಂದದ್ದನ್ನು ಪೂರ್ತಿ ಎನ್ನುತ್ತದೆ. ಇಲ್ಲವೇ ಕಾಯಬೇಕಾದಲ್ಲಿ ‘ವಿಫಲ’ ಎಂದು ತೋರಿಸಿ ಕೈತೊಳೆದುಕೊಳ್ಳುತ್ತದೆ.

‘ಮುಟ್ಟಿತು’ ಎಂಬ ಮಾತಿಗೂ ಹಲವು ಅರ್ಥಗಳಿವೆ. ರಿಜಿಸ್ಟರ್ಡ್ ಅಂಚೆಯ ಸ್ವೀಕೃತಿ ಕಾರ್ಡಿನ ಮೇಲಿನ ಸಹಿ ಲಕೋಟೆ ಕೈಸೇರಿದ್ದಕ್ಕೆ ಸಾಕ್ಷಿಯೇ ಹೊರತು ಪತ್ರ ಓದಿದ್ದಕ್ಕಲ್ಲ. (ಆ ಸೇವೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ.) ಟಿಸಿಪಿಯ ಸ್ವೀಕೃತಿಯೂ ಹಾಗೆಯೇ, ಗಣಕದ ಬಾಗಿಲಿಗೆ ಬಂದಿದೆ ಎನ್ನುತ್ತದೆ, ಒಳಗಿನವರು ಕೆಲಸ ಮಾಡಿದರು ಎನ್ನುವುದಿಲ್ಲ. ವಾಟ್ಸ್ಆ್ಯಪ್‌ನ ಒಂದು ಗೆರೆ ಎಂದರೆ ಕಂಪನಿಯ ಸರ್ವರಿಗೆ ಹೋಗಿದೆ, ಎರಡು ಎಂದರೆ ಫೋನಿಗೆ ಮುಟ್ಟಿದೆ. 2014ರ ನವೆಂಬರಿನಲ್ಲಿ ಬಂದ ನೀಲಿ ಬಣ್ಣ ಮಾತ್ರ ‘ತೆರೆದಿದ್ದಾರೆ’ ಎಂದು ಹೇಳುತ್ತದೆ. ಗುಡ್ಡದ ಬುಡದ ಮನೆಗೆ ಕಳಿಸಿದ ಸುದ್ದಿ ಎರಡು ದಿನ ಒಂದೇ ಗೆರೆಯಲ್ಲಿ ನಿಂತರೆ ಅದು ಅಸಡ್ಡೆಯಲ್ಲ. ಅಲ್ಲಿ ಸಿಗ್ನಲ್ ಇಲ್ಲ, ಅಷ್ಟೆ.

ಉತ್ತರ ಬಾರದಿದ್ದಾಗ ಎಲ್ಲರೂ ಮತ್ತೆ ಮತ್ತೆ ಒತ್ತಿದರೆ ಏನಾಗುತ್ತದೆ? 1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ಸುಮಾರು 400 ಗಜ ದೂರದ ಎರಡು ಕಟ್ಟಡಗಳ ನಡುವಿನ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40ಕ್ಕೆ ಕುಸಿಯಿತು. ದಟ್ಟಣೆಯಿಂದ ತಡವಾದದ್ದನ್ನು ಕಳೆದೇಹೋಯಿತೆಂದು ತಿಳಿದು ಯಂತ್ರಗಳು ಮರುಕಳಿಸಿ, ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸಿದ್ದವು. ಸರಿದಾರಿಯನ್ನು ವ್ಯಾನ್ ಜೇಕಬ್ಸನ್ 1988ರಲ್ಲಿ ವಿವರಿಸಿದರು. ದಟ್ಟಣೆಯ ಸುಳಿವು ಸಿಕ್ಕೊಡನೆ ಕಳಿಸುವುದನ್ನು ತಗ್ಗಿಸಬೇಕು. ಪ್ರತಿ ಸೋಲಿನ ನಂತರ ಕಾಯುವ ಹೊತ್ತನ್ನು ಇಮ್ಮಡಿ ಮಾಡಬೇಕು.

ಹಣದ ವಿಷಯದಲ್ಲಿ ಈ ತಿಳಿವಳಿಕೆ ನಿಯಮವೂ ಆಗಿದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ಯುಪಿಐಯಲ್ಲಿ ಒಬ್ಬರ ಖಾತೆಯಿಂದ ಕಡಿತವಾದ ಹಣ ಇನ್ನೊಬ್ಬರ ಖಾತೆಗೆ ಜಮೆಯಾಗದಿದ್ದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು. ಅಂಗಡಿಗೆ ಪಾವತಿಸಿದ ಹಣಕ್ಕೆ ಐದು ದಿನಗಳ ಗಡುವು. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಹಾಗಾಗಿ ಚಕ್ರ ಸುತ್ತುತ್ತಿರುವಾಗ ಇನ್ನೊಮ್ಮೆ ಕಳಿಸುವ ಮೊದಲು ಖಾತೆಯನ್ನೋ ವ್ಯವಹಾರದ ಪಟ್ಟಿಯನ್ನೋ ನೋಡುವುದು ಲೇಸು. ಗ್ರಾಹಕ ಹೊಸದಾಗಿ ಒತ್ತಿದ್ದು ಹೊಸ ಸಂಖ್ಯೆಯ ಹೊಸ ವ್ಯವಹಾರ. ಹಳೆಯದೂ ಮುಟ್ಟಿದ್ದರೆ ಎರಡು ಸಲ ಪಾವತಿಯಾಗುತ್ತದೆ. ದೂರು ಕೊಡುವುದಾದರೆ ಬೇಕಾಗುವುದೂ ಆ ವ್ಯವಹಾರ ಸಂಖ್ಯೆಯೇ.

2020ರಲ್ಲಿ ಪಾಠಗಳು ಆನ್‌ಲೈನ್ ಆದಾಗ ಮಲೆನಾಡಿನ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡ ಹತ್ತಿದರು. ‘ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ’ ಎಂಬ ಕೂಗೂ ಎದ್ದಿತು. ಟವರು ಬೇಕೆಂಬ ಬೇಡಿಕೆ ನ್ಯಾಯವಾದದ್ದು. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕಾಗಿದೆ. ಅರ್ಜಿ, ಪಡಿತರ, ಪಾವತಿಗಳ ತಂತ್ರಾಂಶ ಬರೆಯುವವರು ನಗರದ ಸಿಗ್ನಲ್ ನೆಚ್ಚಿಕೊಂಡು ಬರೆಯಬಾರದು. ‘ಆಯಿತು’, ‘ಆಗಲಿಲ್ಲ’ ಎಂಬ ಎರಡೇ ಉತ್ತರ ಸಾಲದು. ‘ಇನ್ನೂ ತಿಳಿದಿಲ್ಲ, ನಿಮ್ಮ ಸಂಖ್ಯೆ ಇದು, ಮತ್ತೆ ಒತ್ತಬೇಡಿ’ ಎಂಬ ಮೂರನೆಯ ಉತ್ತರವನ್ನು ಕನ್ನಡದಲ್ಲಿ ತೋರಿಸಿದರೆ, ಅಂಗಡಿಯ ಜಗಲಿಯಲ್ಲಿ ಕಾಯುತ್ತ ಕುಳಿತವರ ಅರ್ಧ ಆತಂಕ ಅಲ್ಲಿಗೇ ಇಳಿಯುತ್ತದೆ.